ಬಟ್ಟಲುಗಳಿಗೆ ಕೇಳಿಸಿದ್ದು

ಆಕಾಶದಲ್ಲಿ ಇನ್ನೆಲ್ಲಾದರೂ ಜೀವ ಇದೆಯೋ ಇಲ್ಲವೋ ಅಂತ ದೊಡ್ಡ ದೊಡ್ಡ ಪಂಡಿತರು ತಲೆ ಕೆಡಿಸಿಕೊಂಡಿರಬಹುದು. ಕಾರೂ ಎಂಬ ಒಣ ಬಯಲುಸೀಮೆಯ ಕ್ಲಿಪ್‌ವ್ಲೇ ಊರಿನಲ್ಲಿ ಮಾತ್ರ ಯಾರನ್ನು ಕೇಳಿದರೂ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಉಣ್ಣೆ ಕತ್ತರಿಸುವ ಪೀಟ್, "ಇದ್ದಿದ್ರೆ ಇಷ್ಟೊತ್ತಿಗೆ ನಮ್ಮ ಕಾರೂ ಕುರಿ ಸುಡೋ ವಾಸನೆ ಹಿಡ್ಕೊಂಡು ಇಳಿದುಬಿಡ್ತಿದ್ರು ಬಿಡ್ರಿ" ಎನ್ನುತ್ತಾನೆ. ಚರ್ಚಿನ ಪಾದ್ರಿಗಳು, ದೇವರು ಮಾಡಿದ್ದರೂ ಮಾಡಿರಬಹುದು, ಮಾಡಿದ್ದರೆ ಅವರಿಗೂ ಭಾನುವಾರ ಅಂತ ಒಂದು ಇದ್ದೇ ಇರುತ್ತದೆ ಎಂದು ಎರಡೂ ಕಡೆ ಕಾಲಿಟ್ಟು ಮಾತಾಡುತ್ತಾರೆ. ಅಂಗಡಿಯ ಲೆಟಿ, "ಇದ್ರೆ ಇರ್ಲಿ ಪಾಪ, ಅವರಿಗಾದ್ರೂ ಮೊಬೈಲ್ ಇಟ್ಕೊಳ್ಳೋಕೆ ಬಿಟ್ಟಿದಾರಾ ಕೇಳಿ" ಎಂದು ಮೂಗು ಮುರಿಯುತ್ತಾಳೆ.

ಊರಿಗೆ ಈ ಗೀಳು ಹತ್ತಿದ್ದು ಬಟ್ಟಲುಗಳು ಬಂದ ಮೇಲೆ. ಗುಡ್ಡದ ಆಚೆ, ಕುರಿಯೂ ಮೇಯಲು ಯೋಚನೆ ಮಾಡುವಂಥ ಬೋಳು ಬಯಲಿನಲ್ಲಿ, ಮನೆಗಿಂತ ಎತ್ತರದ ಬಿಳಿ ಬಟ್ಟಲುಗಳನ್ನು ನಿಲ್ಲಿಸಿದ್ದಾರೆ. ಅವು ಆಕಾಶದಿಂದ ಬರುವ ರೇಡಿಯೋ ಸದ್ದನ್ನು ಕೇಳುವ ಕಿವಿಗಳು. ಅಷ್ಟು ದೂರದ ಸದ್ದು ಕೇಳಬೇಕಾದರೆ ಹತ್ತಿರದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಲ್ಲ! ಅದಕ್ಕೇ ಸುತ್ತಲಿನ ಫಾರ್ಮುಗಳಲ್ಲಿ ಮೊಬೈಲ್ ಇಲ್ಲ, ಮೈಕ್ರೋವೇವ್ ಒಲೆ ಇಲ್ಲ, ಗಾಡಿಯಿಂದ ಗಾಡಿಗೆ ಮಾತಾಡುವ ಹಳೆಯ ವೈರ್‌ಲೆಸ್ ಸೆಟ್ಟುಗಳಂತೂ ಇಲ್ಲವೇ ಇಲ್ಲ. ಮನೆಗೆ ತಂತಿ ಫೋನು ಬಂದಿದ್ದರೆ ಅದೇ ಪುಣ್ಯ. ಮನೆ ಬಿಟ್ಟು ಬಯಲಿಗೆ ಇಳಿದವನ ಕಥೆ ದೇವರಿಗೇ ಪ್ರೀತಿ.

ಆ ಸೆಟ್ಟುಗಳನ್ನೆಲ್ಲ ಮನೆಮನೆಗೆ ಹೋಗಿ ವಸೂಲು ಮಾಡಿಕೊಂಡು ಬಂದವಳು ರಾಹೆಲ್ ಫೆಬ್ರುವಾರಿ, ಫೆಬ್ರುವಾರಿ ಅನ್ನುವುದು ಮನೆತನದ ಹೆಸರು. ಅದೇ ಊರಿನ ಹುಡುಗಿ, ನಗರದಲ್ಲಿ ಎರಡು ವರ್ಷ ಓದಿ ಬಂದು ಬಟ್ಟಲುಗಳ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದವಳು. ಅವಳ ಕೆಲಸ ಕಸ ಗುಡಿಸುವುದು. ಆಕಾಶದ ಸದ್ದಿನ ಜೊತೆ ನೆಲದ ಸದ್ದೂ ಬಟ್ಟಲಿಗೆ ಬೀಳುತ್ತದೆ: ವಿಮಾನ, ಉಪಗ್ರಹ, ನರಿ ಬರದಂತೆ ಹಾಕಿದ ಕರೆಂಟು ಬೇಲಿಯ ಟಿಕ್ ಟಿಕ್, ಯಾವನೋ ಶೋಕಿಲಾಲ ಕದ್ದು ತಂದ ಆಟದ ಹೆಲಿಕಾಪ್ಟರು. ಇವೆಲ್ಲ ಪರದೆಯ ಮೇಲೆ ಗೆರೆಗಳಾಗಿ ಬರುತ್ತವೆ. ಅವನ್ನು ಗುರುತಿಸಿ "ಕೊಳೆ" ಅಂತ ಗುರುತು ಹಾಕಿ ಆಚೆ ಎಸೆಯಬೇಕು. ಹೊಸದಾಗಿ ಬಂದ ವಿಜ್ಞಾನಿಗಳು ಒಂದು ವಿಚಿತ್ರ ಗೆರೆ ಕಂಡರೆ ಸಾಕು, ಕುರ್ಚಿಯಿಂದ ಅರ್ಧ ಎದ್ದು, "ಇದು ಅದೇ ಇರಬಹುದಾ?" ಎಂದು ಕಣ್ಣರಳಿಸುತ್ತಾರೆ. ರಾಹೆಲ್ ಕಾಫಿ ಕಪ್ಪು ಕೆಳಗಿಡದೆಯೇ, "ಯೂಪ್ ಮನೆ ಬೇಲಿ ಸಾರ್, ಗಾಳಿ ಬಂದ್ರೆ ಹಾಗೇ ಆಡುತ್ತೆ" ಎಂದು ತಣ್ಣೀರೆರಚುತ್ತಾಳೆ.

ಅವಳಿಗೆ ಆ ಬುದ್ಧಿ ಕಲಿಸಿದವರು ಡಾಕ್ಟರ್ ವುಯಾನಿ. ಕಡಲ ಕಡೆಯ ಷೋಸಾ ಜನ, ಎತ್ತರದ ಆಳು, ಮೆತ್ತಗಿನ ಮಾತು. ಬೇರೆ ಲೋಕದ ಜೀವ ಹುಡುಕುವುದೇ ಅವರ ಕಸುಬು, ಆದರೂ ಆ ಶಬ್ದವನ್ನು ಬಾಯಿಂದ ಹೊರಡಿಸುವುದೇ ಕಷ್ಟ. "ಮೊದಲು ಬೇರೆ ಏನೇನಾಗಿರಬಹುದು ಅಂತ ಕೇಳು ರಾಹೆಲ್. ಎಲ್ಲಾ ಮುಗೀಲಿ. ಆಮೇಲೂ ಏನಾದ್ರೂ ಉಳಿದ್ರೆ, ಆಗ ಜೀವ ಅನ್ನು." ರಾಹೆಲಳ ಅತ್ತೆ ಸಾರ್ಕೀ, ಊರಿಗೆಲ್ಲ ಔಮಾ ಅಂದರೆ ಅಜ್ಜಿ, ಒಮ್ಮೆ ಅವರನ್ನು ಊಟಕ್ಕೆ ಕರೆದು, ತಟ್ಟೆಗೆ ಕುರಿ ಬಾಲದ ಕೊಬ್ಬು ಬಡಿಸುತ್ತ ನೇರವಾಗಿ ಕೇಳಿಬಿಟ್ಟಿದ್ದಳು: "ಅಲ್ಲಪ್ಪಾ, ಅಲ್ಲಿ ಜೀವ ಇರೋದು ನೂರಕ್ಕೆ ಎಷ್ಟು ಪಾಲು ಅಂತ ಹೇಳು ನೋಡೋಣ." ವುಯಾನಿ ನಕ್ಕು, "ಹೇಳಕ್ಕಾಗಲ್ಲ ಔಮಾ. ನಾವು ನೋಡಿರೋದು ಒಂದೇ ಮನೆ. ಒಂದು ಮನೆ ನೋಡಿ ಇಡೀ ಊರಲ್ಲಿ ಎಷ್ಟು ಮನೇಲಿ ಒಲೆ ಉರೀತಿದೆ ಅಂತ ಹೇಳೋಕಾಗುತ್ತಾ?" ಅಂದಿದ್ದರು. ಔಮಾಗೆ ಸಮಾಧಾನವಾಗಲಿಲ್ಲ. ಇಷ್ಟು ಓದಿ ಇದೇನಾ ಉತ್ತರ ಎಂದು ಆಮೇಲೆ ಗೊಣಗಿದ್ದೂ ಉಂಟು.

ಅದೇ ಊಟದಲ್ಲಿ ರಾಹೆಲಳ ಗಂಡ ಗೆರ್ಟ್, ಮೂಳೆ ಚೀಪುತ್ತಾ, "ಇದಾರೆ ಕಣ್ರೀ. ಅವರೂ ಬಟ್ಟಲು ಇಟ್ಕೊಂಡು ಬರೀ ಕೇಳ್ತಾ ಕೂತಿದಾರೆ. ಎಲ್ಲಾರೂ ಕೇಳೋರೇ ಆದ್ರೆ ಮಾತಾಡೋರು ಯಾರು?" ಅಂದಿದ್ದ. ವುಯಾನಿ ಊಟ ನಿಲ್ಲಿಸಿ ಅವನ ಮುಖ ನೋಡಿದರು. ಗೆರ್ಟ್‌ಗೆ ತಾನು ಏನೋ ತಪ್ಪು ಹೇಳಿದೆ ಅನಿಸಿ, ಇನ್ನೊಂದು ರೊಟ್ಟಿ ಕೊಡಲಾ ಅಂತ ಮಾತು ತಿರುಗಿಸಿದ.

ಗೆರ್ಟ್ ಗಾಳಿಪಂಪು ರಿಪೇರಿಯವನು. ಈ ಸೀಮೆಯಲ್ಲಿ ಕುರಿಗಳಿಗೆ ನೀರು ಬರುವುದು ಗಾಳಿಗೆ ತಿರುಗುವ ಪಂಪುಗಳಿಂದ. ಒಂದು ಕೆಟ್ಟರೂ ಮಂದೆ ಬಾಯಾರುತ್ತದೆ. ಹಾಗಾಗಿ ವಾರದಲ್ಲಿ ಅರ್ಧ ದಿನಗಳು ಅವನು ತನ್ನ ಹಳೆಯ ಪಿಕಪ್ಪಿನಲ್ಲಿ, ಹಿಂದೆ ಸಾಮಾನು, ಸಾಮಾನಿನ ಮೇಲೆ ನಾಯಿ ವಾಹ್ತರ್, ಹೀಗೆ ಬಯಲು ಸುತ್ತುತ್ತಿರುತ್ತಾನೆ. ಊರಿನ ಸೆಟ್ಟುಗಳನ್ನೆಲ್ಲ ಹೆಂಡತಿ ಕಿತ್ತು ತಂದಳಲ್ಲ, ಆಗ ಒಂದೇ ಒಂದು ಸೆಟ್ಟು ಉಳಿದುಕೊಂಡಿತು. ಅದು ಗೆರ್ಟನ ಪಿಕಪ್ಪಿನ ಸೀಟಿನ ಅಡಿಯಲ್ಲಿತ್ತು. "ಅಪ್ಪ ಕೊಟ್ಟದ್ದು ಕಣೇ, ಇರ್ಲಿ ಬಿಡೇ, ಹಚ್ಚಲ್ಲ" ಎಂದು ಗೋಗರೆದಿದ್ದ. ರಾಹೆಲ್ ಬಿಟ್ಟಳು. ಗಂಡ ಎಂಬ ಒಂದು ಸಲುಗೆ ಇರುತ್ತದಲ್ಲ.

ಹಚ್ಚಲ್ಲ ಅಂದವನು ಕಳೆದ ವರ್ಷ ಒಂದು ದಿನ ಹಚ್ಚಿಯೇಬಿಟ್ಟ. ಮಧ್ಯಾಹ್ನ ಊಟದ ಹೊತ್ತಿಗೆ ಪರದೆಯ ಮೇಲೆ ಮೂರು ಉದ್ದ ಗೆರೆ ಮೂಡಿತು. ಹೊಸ ಹುಡುಗರು ಎದ್ದು ನಿಂತರು. ರಾಹೆಲ್‌ಗೆ ಒಂದೇ ನೋಟಕ್ಕೆ ಅದು ಹಳೇ ಸೆಟ್ಟು ಅಂತ ತಿಳಿಯಿತು. ಸಂಜೆ ಮನೆಗೆ ಹೋದರೆ ಗಂಡ ಹಲ್ಲು ಕಿರಿಯುತ್ತಾ, "ಕೇಳಿಸ್ತಾ? ನಿಂಗೇ ಒತ್ತಿದ್ದು. ಊಟ ಆಯ್ತಾ ಅಂತ" ಎಂದ. ಅವಳು ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಎಸೆದಳು. ಮರುದಿನ ಕಂಪ್ಯೂಟರಿಗೆ ಆ ಗೆರೆಯ ರೂಪ ತೋರಿಸಿ, ಇಂಥದ್ದು ಮತ್ತೆ ಬಂದರೆ ನಮ್ಮನ್ನು ಕೇಳಬೇಡ, ನೀನೇ ಗುಡಿಸಿ ಹಾಕು ಅಂತ ಕಲಿಸಿದಳು. ರಾತ್ರಿಪಾಳಿಯಲ್ಲಿ ಮನುಷ್ಯರೇ ಇರುವುದಿಲ್ಲ, ಆ ಯಂತ್ರದ ಪೊರಕೆಯೇ ಎಲ್ಲ ಗುಡಿಸುತ್ತದೆ. ಹಗಲು ಪೊರಕೆಗೆ ರಜೆ. ರಾಹೆಲ್ ತಾನೇ ನೋಡುತ್ತಾಳೆ.

ಈಗ ಆ ದಿನಕ್ಕೆ ಬರುತ್ತೇನೆ. ಜುಲೈ ತಿಂಗಳು, ಆ ಸೀಮೆಗೆ ಅದೇ ನಡು ಚಳಿಗಾಲ, ಮೂಳೆ ಕೊರೆಯುವ ಚಳಿ. ಬೆಳಿಗ್ಗೆ ರಾಹೆಲ್ ಏಳುವಾಗ ಕುರಿತೊಟ್ಟಿಯ ನೀರು ಗಾಜಾಗಿತ್ತು. ಗೆರ್ಟ್ ಹಿಂದಿನ ದಿನ ರೀಟ್‌ಪುಟ್ ಫಾರ್ಮಿಗೆ ಹೋಗಿದ್ದ, ಕೆಲಸ ಮುಗಿಯದಿದ್ದರೆ ಅಲ್ಲೇ ಮಲಗಿ ಬರುವೆನೆಂದು ಹೇಳಿದ್ದ. ಬಂದಿರಲಿಲ್ಲ. ಅಲ್ಲಿನ ಒಡತಿ ಮಾಡುವ ಕುರಿ ಸಾರಿಗೆ ಬಾಯಿ ಬಿಟ್ಟುಕೊಂಡು ಕೂತಿರುತ್ತಾನೆ ಅಂದುಕೊಂಡು ಇವಳು ಕೆಲಸಕ್ಕೆ ಹೋದಳು. ಕಂಟ್ರೋಲ್ ರೂಮು ಅಂದರೆ ನೆಲದೊಳಗೆ ಹೂತ ಕಬ್ಬಿಣದ ಪೆಟ್ಟಿಗೆ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ, ಒಳಗಿನ ಕಂಪ್ಯೂಟರುಗಳ ಗಲಾಟೆಯೂ ಬಟ್ಟಲಿಗೆ ಕೇಳಬಾರದು ಅಂತ.

ಕೂತು ಕಾಫಿ ಒಂದು ಗುಟುಕು ಕುಡಿದಿದ್ದಳೋ ಇಲ್ಲವೋ, ಪರದೆಯ ಮೇಲೆ ಮೂರು ಉದ್ದ ಗೆರೆ.

"ಈ ಮನುಷ್ಯನಿಗೆ ಯಾವಾಗ ಬುದ್ಧಿ ಬರುತ್ತೋ!" ಅಂತ ಹಲ್ಲು ಕಡಿದು "ಕೊಳೆ" ಎಂದು ಗುರುತು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಅದನ್ನೂ ಎಸೆದಳು. ಮನೆಗೆ ಬರಲಿ, ಆ ಸೆಟ್ಟನ್ನ ಅವನ ತಲೆ ಮೇಲೇ ಒಡೀತೀನಿ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಪಕ್ಕದ ಕುರ್ಚಿಯಿಂದ ವುಯಾನಿ, "ರಾಹೆಲ್, ಇದು ಈಗ ಶುರುವಾದದ್ದಲ್ಲ" ಎಂದರು. ಅವರು ರಾತ್ರಿ ಪೊರಕೆ ಗುಡಿಸಿ ಹಾಕಿದ ಕಸದ ರಾಶಿಯನ್ನು ತೆಗೆದು ನೋಡುತ್ತಿದ್ದರು. ಮೂರು ಗೆರೆ. ಬಿಡುವು. ಮೂರು ಗೆರೆ. ಬಿಡುವು. ಸಂಜೆ ಕತ್ತಲಾದಾಗಿನಿಂದ ಬೆಳಕು ಹರಿಯುವ ತನಕ ಉದ್ದಕ್ಕೂ ಅದೇ. ಒಂದೊಂದರ ಮುಂದೆಯೂ ಯಂತ್ರ ಶ್ರದ್ಧೆಯಿಂದ ಬರೆದಿತ್ತು: ಕೊಳೆ, ಕೊಳೆ, ಕೊಳೆ.

ರಾಹೆಲ್ ಕಾಫಿ ಕಪ್ಪು ಕೆಳಗಿಟ್ಟಳು. ತಮಾಷೆಗೆ ಒಬ್ಬ ಒಂದು ಸಲ ಒತ್ತುತ್ತಾನೆ. ಈ ಚಳಿಯಲ್ಲಿ ಇಡೀ ರಾತ್ರಿ ಯಾರು ಒತ್ತುತ್ತಾರೆ?

"ಡಾಕ್ಟ್ರೇ, ಇದು ಗೆರ್ಟ್" ಅಂದಳು. "ನನ್ನ ಗಂಡ. ಅವನ ಹತ್ರ ಒಂದು ಸೆಟ್ ಇದೆ. ನಂಗೆ ಗೊತ್ತಿತ್ತು. ಆಮೇಲೆ ಏನು ಬೇಕಾದ್ರೂ ಮಾಡಿ ನನ್ನ. ಈಗ ಅವನು ಎಲ್ಲಿದಾನೆ ಹೇಳಿ."

ವುಯಾನಿ ತಂತಿ ಫೋನು ಎತ್ತಿ ಅವಳ ಕೈಗೆ ಕೊಟ್ಟರು.

ರೀಟ್‌ಪುಟ್‌ನ ಒಡತಿ ಎರಡನೇ ರಿಂಗಿಗೇ ಎತ್ತಿದಳು. "ಗೆರ್ಟಾ? ನಿನ್ನೆ ಹೊತ್ತು ಮುಳುಗೋ ಮುಂಚೇನೇ ಹೊರಟ್ನಲ್ಲಮ್ಮ! ಊಟ ಮಾಡ್ಕೊಂಡು ಹೋಗು ಅಂದ್ರೆ ಕೇಳ್ಲಿಲ್ಲ. ನಾಯಿ ಹಿಂದೆ ಕೂತಿತ್ತು. ರಾಹೆಲ್ ಕಾಯ್ತಿರ್ತಾಳೆ ಅಂದ." ಯಾವ ದಾರಿ ಹಿಡಿದ ಅಂತ ಅವಳಿಗೆ ಗೊತ್ತಿಲ್ಲ. ಅಲ್ಲಿಂದ ಊರಿಗೆ ಬರಲು ಒಣಹೊಳೆಯ ಕಡೆ ನೂರು ಗಾಡಿಜಾಡುಗಳಿವೆ, ಗೆರ್ಟ್ ಒಂದೊಂದು ದಿನ ಒಂದೊಂದರಲ್ಲಿ ಬರುತ್ತಾನೆ, ದಾರಿಯಲ್ಲಿ ಯಾವ ಪಂಪು ತಿರುಗುತ್ತಿಲ್ಲ ಅಂತ ನೋಡಿಕೊಂಡು.

ಫೋನು ಇದ್ದ ಫಾರ್ಮುಗಳಿಗೆಲ್ಲ ಫೋನು ಹೋಯಿತು. ಗಂಡಸರು ಗಾಡಿ ಹತ್ತಿ ಹೊರಟರು. ಆದರೆ ಹೊರಟವರಿಗೆ ಇನ್ನೇನಾದರೂ ತಿಳಿಸೋಣ ಅಂದರೆ ದಾರಿ ಇಲ್ಲ, ಅವರ ಕೈಯಲ್ಲಿ ಫೋನೂ ಇಲ್ಲ, ಸೆಟ್ಟೂ ಇಲ್ಲ. ಇದ್ದವನ್ನೆಲ್ಲ ರಾಹೆಲ್ ತಾನೇ ಸಹಿ ಹಾಕಿಸಿಕೊಂಡು ತಂದಿದ್ದಳು. ಇಡೀ ಕಾರೂನಲ್ಲಿ ಗೆರ್ಟನ ಸೆಟ್ಟಿಗೆ ಉತ್ತರ ಕೊಡುವಂಥ ಇನ್ನೊಂದು ಸೆಟ್ಟು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಬಟ್ಟಲುಗಳಿಗೆ ಒತ್ತುತ್ತಿದ್ದ. ಹೊತ್ತು ಹುಟ್ಟಿದ ಮೇಲಾದರೂ ಹೆಂಡತಿ ಬಂದು ಅಲ್ಲಿ ಕೂರುತ್ತಾಳೆ, ಅವಳಿಗೆ ಕೇಳಿಸುತ್ತದೆ ಅಂತ.

"ಅವನು ಮಾತಾಡ್ತಿರ್ತಾನಲ್ಲ ಡಾಕ್ಟ್ರೇ, ಅದರೊಳಗೆ ಮಾತಿರುತ್ತಲ್ಲ! ಅದನ್ನ ತೆಗೀರಿ!"

"ಮಾತು ಸಿಗಲ್ಲಮ್ಮ. ಯಂತ್ರ ಎಲ್ಲಾನೂ ಹಿಂಡಿ ಗೆರೆ ಮಾತ್ರ ಇಟ್ಕೊಳ್ಳುತ್ತೆ. ರಸ ಇಲ್ಲ, ಬರೀ ಸಿಪ್ಪೆ."

"ಯಾವ ದಿಕ್ಕು ಅಂತಾದ್ರೂ ಗೊತ್ತಾಗಲ್ವಾ?"

"ಬಟ್ಟಲು ಮೇಲಕ್ಕೆ ನೋಡ್ತಿದೆ ರಾಹೆಲ್. ಪಕ್ಕದಿಂದ ಬಂದದ್ದು ಎಲ್ಲಿಂದ ಬಂತು ಅಂತ ಅದಕ್ಕೆ ತಿಳಿಯಲ್ಲ. ಅದು ನಿಂಗೇ ನನಗಿಂತ ಚೆನ್ನಾಗಿ ಗೊತ್ತು."

"ಹಾಗಾದ್ರೆ ಇಲ್ಲಿಂದ ಒಂದು ಮಾತು ಕಳ್ಸೋಣ. ಕೇಳಿಸ್ತಿದೆ, ಬರ್ತಿದೀವಿ ಅಂತ. ಅಷ್ಟೇ. ಇಷ್ಟು ದೊಡ್ಡ ದೊಡ್ಡ ಬಟ್ಟಲು ಇದೆಯಲ್ಲ!"

ವುಯಾನಿ ತಲೆ ತಗ್ಗಿಸಿದರು. "ಅವಕ್ಕೆ ಕಿವಿ ಇದೆ. ಬಾಯಿ ಇಲ್ಲ."

ಕೋಟಿ ಕೋಟಿ ಮೈಲಿಯ ಆಚೆ ಯಾರೋ ನಿಟ್ಟುಸಿರು ಬಿಟ್ಟರೂ ಕೇಳುವ ಯಂತ್ರ! ಗುಡ್ಡದ ಆಚೆ ಬಿದ್ದಿರುವ ಒಬ್ಬ ಮನುಷ್ಯನಿಗೆ ಹೂಂ ಅನ್ನುವ ಯೋಗ್ಯತೆ ಅದಕ್ಕಿಲ್ಲ. ರಾಹೆಲ್‌ಗೆ ಪರದೆಯನ್ನು ಒಡೆದುಹಾಕಬೇಕು ಅನಿಸಿತು. ಆದರೆ ಗಂಡ ಇದ್ದದ್ದು ಆ ಪರದೆಯಲ್ಲೇ. ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತ ಕೂತಳು.

ಪೊಲೀಸರ ಹೆಲಿಕಾಪ್ಟರು ಕೇಳಿದ್ದಾಯಿತು. ಅದು ಇನ್ನೊಂದು ಪಟ್ಟಣದಲ್ಲಿ ಇನ್ಯಾವುದೋ ಕೆಲಸದಲ್ಲಿತ್ತು, ಸಂಜೆಯೊಳಗೆ ಬಂದರೆ ಬಂದಂತೆ. ಉಳಿದದ್ದು ಬಟ್ಟಲುಗಳ ಕಾವಲಿಗಿದ್ದ ಗಸ್ತಿನ ಗಾಡಿ ಒಂದೇ. ಅದರ ತಲೆಯ ಮೇಲೆ ಆಂಟೆನಾ ಇದೆ, ಕಳ್ಳ ಸದ್ದು ಎಲ್ಲಿಂದ ಬರುತ್ತಿದೆ ಎಂದು ಮೂಸಿಕೊಂಡು ಹೋಗುತ್ತದೆ. ಆದರೆ ಅದನ್ನು ಓಡಿಸುವ ಡಿರ್ಕ್ ಮಾಮ ಬೆಳಿಗ್ಗೆಯೇ ದಕ್ಷಿಣದ ಬೇಲಿ ನೋಡಲು ಹೋಗಿದ್ದ. ಅವನನ್ನು ಕರೆಯಲೂ ದಾರಿ ಇಲ್ಲ. ಬರುವ ತನಕ ಕಾಯಬೇಕು, ಅಷ್ಟೇ.

ಕಾಯುವಾಗ ಮೂರು ಗೆರೆಗಳು ನಿಂತವು.

ಬಹಳ ಹೊತ್ತು ಪರದೆ ಖಾಲಿ. ರಾಹೆಲ್, "ಒತ್ತೋ, ಒತ್ತೋ ಮಾರಾಯ, ನಿನ್ನ ದಮ್ಮಯ್ಯ, ಒತ್ತೋ" ಎಂದು ಪಿಸುಗುಟ್ಟಿದಳು. ವುಯಾನಿ ಹಿಂದೆ ನಿಂತೇ ಇದ್ದರು. ಆಮೇಲೆ, ದೇವರೇ, ಒಂದು ಗೆರೆ ಬಂತು. ಚಿಕ್ಕದು. ಒಂಟಿ. ಸ್ವಲ್ಪ ಬಿಟ್ಟು ಇನ್ನೊಂದು.

"ಬಂತು! ನೋಡಿ, ಬಂತು!" ಎಂದು ಅವಳು ವುಯಾನಿಯವರ ತೋಳು ಹಿಡಿದು ಅಲ್ಲಾಡಿಸಿದಳು. ಅತ್ತಳು, ನಕ್ಕಳು. ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಔಮಾ ಸಾರ್ಕೀ. ಲೆಟಿಯ ಅಂಗಡಿಯಿಂದ ಮಾತಾಡುತ್ತಿದ್ದಳು, ಹಿಂದೆ ಹೆಂಗಸರ ಪ್ರಾರ್ಥನೆ ಕೇಳುತ್ತಿತ್ತು.

"ಬದುಕಿದಾನಾ ನನ್ನ ಮಗ?"

"ಗೆರೆ ಬರ್ತಾ ಇದೆ ಅತ್ತೆ. ಈಗ ತಾನೇ ಬಂತು."

"ಗೆರೆ ಗಿರೆ ನಂಗೊತ್ತಾಗಲ್ಲ. ಬದುಕಿದಾನಾ ಹೇಳು."

"ಬದುಕಿದಾನೆ."

ಫೋನಿನ ಆಚೆ "ಬದುಕಿದಾನಂತೆ!" ಎಂಬ ಕೂಗು ಅಂಗಡಿ ತುಂಬ ಹರಡಿದ್ದು ರಾಹೆಲ್‌ಗೆ ಕೇಳಿಸಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಫೋನು ಇಟ್ಟು ತಿರುಗಿದರೆ ವುಯಾನಿ ಪರದೆಗೆ ಹತ್ತಿರ ಬಾಗಿ ನಿಂತಿದ್ದರು. ಹುಬ್ಬು ಗಂಟಿಕ್ಕಿತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಯಾರಾದರೂ ಅರ್ಧ ಎದ್ದು ನಿಂತಾಗ ಅವರು ಮಾಡುವ ಮುಖ ಅದು.

"ರಾಹೆಲ್, ಇದು ಮೂರು ಮೂರು ಅಲ್ಲ."

"ಸುಸ್ತಾಗಿದೆ ಅವನಿಗೆ. ಇಡೀ ರಾತ್ರಿ ಒತ್ತಿದಾನೆ."

"ಉದ್ದಾನೂ ಇಲ್ಲ. ಮುಂಚೆ ಎಲ್ಲಾ ಒಂದೇ ಅಳತೇಲಿ ಬರ್ತಿತ್ತು. ಇದು ಒಂದು ಥರ..." ಎಂದು ಅವರು ತಡವರಿಸಿದರು.

"ಒಂದು ಥರ ಏನು? ಬೇಲಿನಾ? ವಿಮಾನನಾ? ಆ ಸೆಟ್ಟಿನ ಗೆರೆ ನಂಗೊತ್ತಿಲ್ವಾ? ಅದು ತಾನಾಗೇ ಒತ್ಕೊಳ್ಳುತ್ತಾ?" ಎಂದು ಅವಳು ಹಾರಿಬಿದ್ದಳು. "ನೋಡಿ, ಬೇಲಿಯಾಗಿದ್ರೆ ಗಡಿಯಾರದ ಹಾಗೆ ಬರೋದು. ಗಾಳಿಯಾಗಿದ್ರೆ ಒಟ್ಟಿಗೆ ಗೀಚೋದು. ಇದು ಎರಡೂ ಅಲ್ಲ. ಒತ್ತುತ್ತೆ, ಸುಧಾರಿಸ್ಕೊಳ್ಳುತ್ತೆ, ಮತ್ತೆ ಒತ್ತುತ್ತೆ. ಜೀವ ಇರೋದು ಮಾಡೋ ಕೆಲಸ ಅಲ್ವಾ ಇದು? ನೀವೇ ಹೇಳಿ, ಅಲ್ವಾ?"

"ಜೀವ ಇರೋದು ಮಾಡೋ ಕೆಲಸಾನೇ" ಎಂದು ವುಯಾನಿ ನಿಧಾನವಾಗಿ ಒಪ್ಪಿದರು.

"ನೂರಕ್ಕೆ ಎಷ್ಟು ಪಾಲು?"

ಅವರು ಅವಳ ಭುಜದ ಮೇಲೆ ಒಮ್ಮೆ ಕೈ ಇಟ್ಟು, ಡಿರ್ಕನ ಗಾಡಿ ಬಂತೇ ನೋಡುತ್ತೇನೆ ಎಂದು ಬಾಗಿಲ ಕಡೆ ಹೋದರು. ಎಂಟು ವರ್ಷ ಬೇರೆಯವರ ಆಸೆಗೆಲ್ಲ ತಣ್ಣೀರೆರಚಿದ ರಾಹೆಲ್, ಆ ದಿನ ತನ್ನ ಆಸೆಯ ಒಂದು ಹನಿಯನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಬೇರೆ ಏನೇನಾಗಿರಬಹುದು ಎಂದು ಕೇಳುವುದನ್ನೇ ಮರೆತಳು. ಮರೆತಳು ಅಂದರೆ ಸುಳ್ಳು. ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಯಾರಿಗೆ ಆಗುತ್ತದೆ ಹೇಳಿ!

ಡಿರ್ಕ್ ಮಾಮ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ವಿಷಯ ಕೇಳಿ ಗಾಡಿಯಿಂದ ಇಳಿಯಲೂ ಇಲ್ಲ. "ಹತ್ತು ಮಗಳೇ" ಎಂದ. ಕ್ಲಿನಿಕ್ಕಿನ ನರ್ಸು ಬೆಟ್ಸಿ ಕಂಬಳಿ, ಗ್ಲುಕೋಸು, ಪಟ್ಟಿ ಕಟ್ಟುವ ಹಲಗೆ ಎಲ್ಲ ಹೊತ್ತುಕೊಂಡು ಹಿಂದೆ ಕೂತಳು. ರಾಹೆಲ್ ಫ್ಲಾಸ್ಕಿನ ತುಂಬ ಬಿಸಿ ಕಾಫಿ ತುಂಬಿಕೊಂಡಿದ್ದಳು, ಅದಕ್ಕೆ ಗೆರ್ಟ್‌ಗೆ ಬೇಕಾದಷ್ಟು ಸಕ್ಕರೆಯನ್ನೂ ಹಾಕಿದ್ದಳು. ದಿನಾ ಸಕ್ಕರೆಗೆ ಜಗಳವಾಡುವವಳು ಇವತ್ತು ನಾಲ್ಕು ಚಮಚ ಸುರಿದಿದ್ದಳು.

ಸದ್ದು ಹಿಡಿಯುವ ಪೆಟ್ಟಿಗೆಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ಅದರಲ್ಲೊಂದು ಮುಳ್ಳು. ಗಾಡಿ ಗುಡ್ಡ ಹತ್ತಿ ನಿಂತಾಗ ಆಂಟೆನಾ ತಿರುಗಿಸುವುದು, ಮುಳ್ಳು ಯಾವ ಕಡೆಗೆ ಹೆಚ್ಚು ಎಗರುತ್ತದೋ ಆ ಕಡೆ ಹೋಗುವುದು. ಗೆರೆ ಬರುವ ತನಕ ಕಾದು, ಬಂದೊಡನೆ ತಿರುಗಿಸಬೇಕು. ಒಮ್ಮೊಮ್ಮೆ ತಿರುಗಿಸುವಷ್ಟರಲ್ಲಿ ನಿಂತುಬಿಡುತ್ತಿತ್ತು. ಆಗ ಮೂವರೂ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದರು.

"ಜಾಣ ಕಣಮ್ಮ ನಿನ್ನ ಗಂಡ" ಎಂದ ಡಿರ್ಕ್, ಧೈರ್ಯ ಹೇಳುವಂತೆ. "ಬ್ಯಾಟರಿ ಮುಗೀಬಾರ್ದು ಅಂತ ಚಿಕ್ಕ ಚಿಕ್ಕದಾಗಿ ಒತ್ತುತ್ತಿದಾನೆ."

"ಹೂಂ ಮಾಮ. ಅದಕ್ಕೇ ಇರ್ಬೇಕು" ಎಂದಳು ರಾಹೆಲ್. ಆ ಮಾತು ಅವಳಿಗೆ ಎಷ್ಟು ಹಿತವಾಯಿತೆಂದರೆ, ಡಿರ್ಕನ ಒರಟು ಕೈಗೆ ಮುತ್ತು ಕೊಡೋಣ ಅನಿಸಿತು. ಬಂದ ಮೇಲೆ ಅವನಿಗೆ ಬೈಯಲ್ಲ, ಸೆಟ್ಟು ಒಡೆಯಲ್ಲ. ಕೆಲಸ ಹೋದರೆ ಹೋಗಲಿ. ಇಬ್ಬರೂ ಪಂಪು ರಿಪೇರಿ ಮಾಡಿಕೊಂಡು ಇರೋಣ. ಹೀಗೆ ಮುಳ್ಳು ಒಂದೊಂದು ಸಲ ಎಗರಿದಾಗಲೂ ಅವಳು ಅವನಿಗೆ ಏನಾದರೊಂದು ಬಿಟ್ಟುಕೊಡುತ್ತ ಹೋದಳು.

ಒಣಹೊಳೆಯ ಏರಿಯ ಮೇಲೆ ಮುಳ್ಳು ಪೂರ್ತಿ ಬಲಕ್ಕೆ ಬಡಿಯಿತು. ನಾಯಿ ಬೊಗಳಿದ್ದೂ ಕೇಳಿಸಿತು. ಡಿರ್ಕ್ ಗಾಡಿ ನಿಲ್ಲಿಸಿ ಕೈ ತೋರಿಸಿದ. ಕೆಳಗೆ, ಏರಿ ಕುಸಿದ ಜಾಗದಲ್ಲಿ, ಗೆರ್ಟನ ಪಿಕಪ್ಪು ಪಕ್ಕಕ್ಕೆ ಮಗುಚಿ ಬಿದ್ದಿತ್ತು. ಗಾಳಿಪಂಪಿನ ಕೊಳವೆಗಳು ಸುತ್ತಲೂ ಚೆಲ್ಲಿದ್ದವು.

"ಗೆರ್ಟ್! ಬಂದ್ವಿ ಕಣೋ! ಬಂದ್ವಿ!" ಎಂದು ಕೂಗುತ್ತ ರಾಹೆಲ್ ಪೆಟ್ಟಿಗೆಯನ್ನು ಎದೆಗವುಚಿಕೊಂಡೇ ಜಾರುತ್ತ ಇಳಿದಳು. ಇಷ್ಟು ಹತ್ತಿರಕ್ಕೆ ಆಂಟೆನಾದ ತಂತಿ ಕಳಚಿದರೂ ಕೈಯಲ್ಲಿದ್ದ ಪೆಟ್ಟಿಗೆಯ ಮುಳ್ಳು ಎಗರಿತು. ಅವಳು ನಕ್ಕಳು.

ಗೆರ್ಟ್ ಗಾಡಿಯ ಕೆಳಗೆ ಸೊಂಟದ ತನಕ ಸಿಕ್ಕಿಕೊಂಡು ಅಂಗಾತ ಬಿದ್ದಿದ್ದ. ಒಂದು ಕೈ ಚಾಚಿತ್ತು, ಕೈಯಲ್ಲಿ ಸೆಟ್ಟಿನ ಮೈಕು, ಗುಂಡಿಯ ಮೇಲೆ ಹೆಬ್ಬೆರಳು. ಗಡ್ಡದ ಮೇಲೆ ಮಂಜು ಕರಗಿ ಒಣಗಿದ ಬಿಳಿ ಗುರುತು. ಕಣ್ಣು ಅರ್ಧ ತೆರೆದಿತ್ತು. ಬೆಟ್ಸಿ ಇವಳನ್ನು ದಾಟಿಕೊಂಡು ಹೋಗಿ ಮಂಡಿಯೂರಿ ಕೂತಳು. ಕುತ್ತಿಗೆ ಮುಟ್ಟಿದಳು. ದವಡೆ ಮುಟ್ಟಿದಳು. ಬೆರಳುಗಳನ್ನು ಬಿಡಿಸಲು ನೋಡಿ ಬಿಟ್ಟಳು.

"ಕಂಬಳಿ ಹೊದಿಸು ಬೆಟ್ಸಿ, ಏನು ನೋಡ್ತಿದೀಯಾ! ಚಳಿಗೆ ಸೆಟೆದಿದಾನೆ" ಎಂದಳು ರಾಹೆಲ್.

"ರಾಹೆಲ್..."

"ಕಾಫಿ ತಂದಿದೀನಿ. ಮಾಮ, ಫ್ಲಾಸ್ಕ್ ಕೊಡಿ."

"ರಾಹೆಲ್, ಇಲ್ಲಿ ನೋಡು. ಮೈ ಮರ ಆಗಿಹೋಗಿದೆ ಕಣೇ. ಈಗ ಹೋಗಿರೋದಲ್ಲ ಇದು. ಬೆಳಿಗ್ಗೇನೇ ಹೋಗಿದಾನೆ."

"ಸುಳ್ಳು! ಈಗ ಒತ್ತಿದ್ನಲ್ಲ! ಏರಿ ಇಳಿಯುವಾಗ ಒತ್ತಿದ. ಮಾಮನ್ನ ಕೇಳು. ಬೆಳಿಗ್ಗೆಯಿಂದ ಒತ್ತುತ್ತಾನೇ ಇದಾನೆ!"

ಡಿರ್ಕ್ ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಾಯಿ ಅವರ ಕಡೆ ಒಮ್ಮೆ ನೋಡಿತು. ಬಾಲ ಅಲ್ಲಾಡಿಸಿತು. ಆಮೇಲೆ ಗೆರ್ಟನ ಚಾಚಿದ ಕೈಯ ಹತ್ತಿರ ಹೋಗಿ, ಮುಷ್ಟಿಯನ್ನು ಮೂತಿಯಿಂದ ನೂಕಿತು, ಏಳು ಅನ್ನುವ ಹಾಗೆ. ಹೆಬ್ಬೆರಳು ಗುಂಡಿಗೆ ಒತ್ತಿತು. ರಾಹೆಲಳ ಕೈಯಲ್ಲಿದ್ದ ಪೆಟ್ಟಿಗೆಯ ಮುಳ್ಳು ಬಲಕ್ಕೆ ಎಗರಿತು. ನಾಯಿ ಮೂತಿ ಹಿಂದೆ ತೆಗೆದುಕೊಂಡು ಅವನ ಮುಖ ನೋಡುತ್ತ ನಿಂತಿತು. ಮುಳ್ಳು ಸೊನ್ನೆಗೆ ಬಂತು. ಸುಧಾರಿಸಿಕೊಂಡು ನಾಯಿ ಮತ್ತೆ ನೂಕಿತು.

ರಾಹೆಲ್ ಅದನ್ನು ಎಷ್ಟೋ ಹೊತ್ತು ನೋಡಿದಳು. ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಅವಳ ಗಂಡ ಬದುಕಿದ್ದ ಕೊನೆಯ ಗುರುತು ಬೆಳಿಗ್ಗೆ ಬಂದ ಆ ಮೂರು ಮೂರು ಗೆರೆ. ಅದರಲ್ಲಿ ಮೊದಲು ಕಂಡದ್ದನ್ನು ಅವಳು ಬೈದುಕೊಂಡು ತನ್ನ ಕೈಯಾರೆ ಎಸೆದಿದ್ದಳು. ಅವು ನಿಂತ ಮೇಲೆ ಬಂದದ್ದಕ್ಕೆಲ್ಲ ಅತ್ತಿದ್ದಳು, ನಕ್ಕಿದ್ದಳು. ಊರಿನಲ್ಲಿ ಔಮಾ ಈಗ ಮಗ ಬರುತ್ತಾನೆಂದು ಕೆಂಡದ ಮೇಲೆ ರೊಟ್ಟಿ ಹಾಕಿರುತ್ತಾಳೆ. ಬದುಕಿದ್ದಾನೆ ಅಂತ ಹೇಳಿದವಳು ಇವಳೇ. ಅವಳಿಗೆ ತಿಳಿಸಲು ಇಲ್ಲಿ ಒಂದು ಫೋನೂ ಇಲ್ಲ. ಇದ್ದಿದ್ದರೂ ಬಾಯಿ ಎಲ್ಲಿಂದ ತರುವುದು?

"ನಾಯಿ ನೂಕಿದ್ದಕ್ಕೇ ಮಗಳೇ ನಮಗೆ ಜಾಗ ಸಿಕ್ಕಿದ್ದು" ಎಂದ ಡಿರ್ಕ್. "ಇಲ್ದಿದ್ರೆ ನರಿ ಪಾಲಾಗ್ತಿದ್ದ."

ಗಾಡಿಯೊಳಗೆ ಸೆಟ್ಟಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ರಾಹೆಲ್ ಒಡೆದ ಕಿಟಕಿಯಿಂದ ಕೈ ಹಾಕಿ ಅದನ್ನು ಆರಿಸಿದಳು. ಮೈಕು ಬೆರಳುಗಳಿಂದ ಬಿಡಿಸಲು ಬರಲಿಲ್ಲ, ಹಾಗೇ ಬಿಟ್ಟಳು. ಪಕ್ಕದಲ್ಲಿ ಕೂತು ಗಂಡನ ತಣ್ಣಗಿನ ಹಣೆಯ ಮೇಲೆ ಅಂಗೈ ಇಟ್ಟಳು. ಹೆಲಿಕಾಪ್ಟರ್ ಬರುವ ಸೂಚನೆ ಇರಲಿಲ್ಲ.

ವಾಹ್ತರ್ ಬಂದು ಮತ್ತೆ ಆ ಕೈಯನ್ನು ಮೂತಿಯಿಂದ ನೂಕಿತು.

"ಸಾಕು ಬಿಡೋ" ಎಂದಳು ರಾಹೆಲ್. "ಕೇಳಿಸ್ತು ಕಣೋ. ಬಂದಿದೀವಲ್ಲ."

ನಾಯಿ ನಿಲ್ಲಿಸಲಿಲ್ಲ.